ವರಸೆ ಹೇಳುವ ಸರ್ವರ್

"ಅವ್ನು ನಿಂಗೆ ಅಣ್ಣ ಆದ್ರೆ, ನಿನ್ ಗಂಡ ನಿಂಗೆ ಏನಾದ ಕಣಮ್ಮ?"

ನಮ್ಮತ್ತೆ ಈ ಪ್ರಶ್ನೆ ಕೇಳಿದ್ದು ಅಡುಗೆಮನೆಯಲ್ಲಿ ಮೆಲ್ಲಗೆ ಅಲ್ಲ. ಹೊಸೂರಿನಲ್ಲಿ ನೆಂಟರೊಬ್ಬರ ಗೃಹಪ್ರವೇಶ. ಎರಡನೇ ಪಂಕ್ತಿ ಕೂತಿತ್ತು. ಪಲ್ಯದ ಬಕೆಟ್ ಹಿಡಿದು ಬಡಿಸುತ್ತಿದ್ದ ನಾನು, ದಪ್ಪ ಮೀಸೆಯ ಹಿರಿಯರೊಬ್ಬರ ಎಲೆಯ ಮುಂದೆ ನಿಂತು, ಇನ್ನೊಂಚೂರು ಹಾಕಿಸ್ಕೊಳ್ಳಿ ಅಣ್ಣ ಅಂದುಬಿಟ್ಟೆ. ಪಕ್ಕದ ಎಲೆಯಲ್ಲೇ ಅತ್ತೆ ಕೂತಿದ್ದರು.

ಆ ಮೀಸೆಯವರು ನನ್ನ ಗಂಡನ ದೊಡ್ಡಪ್ಪನ ಮಗ. ಅಂದರೆ ನನಗೆ ಭಾವ. ಭಾವನನ್ನು ಅಣ್ಣ ಅಂದರೆ ಅವರ ತಮ್ಮನೂ ನನಗೆ ಅಣ್ಣನೇ ಆಗಬೇಕಲ್ಲ? ಆ ತಮ್ಮನನ್ನೇ ಅಲ್ಲವೇ ನಾನು ಕಟ್ಟಿಕೊಂಡಿರುವುದು? ಇಡೀ ಪಂಕ್ತಿ ತುತ್ತು ಬಿಟ್ಟು ನಕ್ಕಿತು. ನೀರು ಬಡಿಸುತ್ತಿದ್ದ ನನ್ನ ಗಂಡ, ಈ ಹೆಂಗಸು ಯಾರೋ ಗೊತ್ತಿಲ್ಲ ಎನ್ನುವ ಮುಖ ಮಾಡಿ ಮುಂದಿನ ಸಾಲಿಗೆ ಹೋದರು.

ಮದುವೆಯಾಗಿ ಇಷ್ಟು ವರ್ಷವಾದ ಮೇಲೂ ಹೀಗಾ ಅಂತ ನೀವು ಕೇಳಬಹುದು. ಕೇಳಿ. ನನ್ನ ಕಷ್ಟ ನನಗೇ ಗೊತ್ತು. ನಾನು ಹಾಸನದ ಕಡೆಯವಳು. ಅಪ್ಪನಿಗೆ ಟ್ರಾನ್ಸ್‌ಫರ್ ಕೆಲಸ. ನಮಗೆ ನೆಂಟರು ಅಂದರೆ ಪಕ್ಕದ ಕ್ವಾರ್ಟರ್ಸಿನ ಅಂಕಲ್, ಎದುರು ಕ್ವಾರ್ಟರ್ಸಿನ ಆಂಟಿ. ಅಲ್ಲಿಂದ ಬಂದು ಬಿದ್ದಿದ್ದು ಎಂಥ ಮನೆಗೆ? ಹೊಸೂರಿನಿಂದ ಅಂಚೆಟ್ಟಿಯವರೆಗೆ ಯಾವ ಹಳ್ಳಿಯಲ್ಲಿ ಬಸ್ಸು ನಿಂತರೂ ಕಿಟಕಿಯಿಂದ ಕೈಬೀಸುವ ಒಬ್ಬರಾದರೂ ಇರುವ ಮನೆಗೆ. ಸಾಲದ್ದಕ್ಕೆ ಗಡಿಯ ಸೀಮೆ, ಮೂರು ಭಾಷೆ. ಒಬ್ಬಾಕೆಯನ್ನೇ ಕನ್ನಡದವರು ಅತ್ತಿಗೆ ಅಂತಾರೆ, ತಮಿಳು ಶಾಲೆಯಲ್ಲಿ ಓದಿದ ಮಕ್ಕಳು ಅಣ್ಣಿ ಅಂತಾರೆ, ತೆಲುಗಿನ ಸೊಸೆ ವದಿನ ಅಂತಾಳೆ. ಆಕೆ ಮೂರಕ್ಕೂ ತಿರುಗಿ ನೋಡುತ್ತಾರೆ. ನಾನು ಕರೆದಾಗ ಮಾತ್ರ ಎಲ್ಲರೂ ನನ್ನ ಕಡೆ ತಿರುಗಿ ನೋಡುತ್ತಾರೆ.

ಗೃಹಪ್ರವೇಶದಿಂದ ಮತ್ತಿಗಿರಿಯ ನಮ್ಮ ಮನೆಗೆ ಬಂದವಳೇ ಫೋನಿನಲ್ಲಿದ್ದ ಎಐ ಸಹಾಯಕನನ್ನು ಕೇಳಿದೆ. ನನ್ನ ಗಂಡನ ದೊಡ್ಡಪ್ಪನ ಮಗ ನನಗೆ ಏನಾಗಬೇಕು? ಅದು ಬಹಳ ವಿನಯದಿಂದ 'ಕಸಿನ್ ಬ್ರದರ್ ಇನ್ ಲಾ' ಅಂದಿತು. ಪಂಕ್ತಿಯಲ್ಲಿ ಹಾಗೆ ಕರೆಯಲಾಗುತ್ತದೆಯೇ? ಇನ್ನೊಂಚೂರು ಪಲ್ಯ ಹಾಕಿಸ್ಕೊಳ್ಳಿ ಕಸಿನ್ ಬ್ರದರ್ ಇನ್ ಲಾ?

ಅವತ್ತೇ ನಿರ್ಧಾರ ಮಾಡಿದೆ. ಇದಕ್ಕೊಂದು ಟೂಲ್ ಬರೆಯಬೇಕು.

ನಾನು ಹೊಸೂರಿನ ಒಂದು ಕಂಪನಿಯ ಕಂಪ್ಯೂಟರ್ ವಿಭಾಗದಲ್ಲಿ ಕೆಲಸ ಮಾಡುವುದು ಈ ಅಂಕಣ ಓದುವ ನಿಮಗೆ ಗೊತ್ತೇ ಇದೆ. ಟೂಲ್ ಅಂದರೆ ಸ್ಪ್ಯಾನರ್, ಸುತ್ತಿಗೆ ಅಲ್ಲ. (ನನ್ನ ಗಂಡ ಲಾರಿ ಬಿಡಿಭಾಗದ ಕಾರ್ಖಾನೆಯವರು. ಮೊದಲ ಸಲ ಹೇಳಿದಾಗ ಅವರು ಹಾಗೇ ಅಂದುಕೊಂಡರು.) ಈಗಿನ ಎಐ ಏಜೆಂಟ್‌ಗಳು ಬರೀ ಮಾತಾಡುವುದಿಲ್ಲ, ಗೊತ್ತಿಲ್ಲದ್ದನ್ನು ಗೊತ್ತಿರುವ ಪ್ರೋಗ್ರಾಮ್ ಹತ್ತಿರ ಕೇಳಿಕೊಂಡು ಬರುತ್ತವೆ. ಹಾಗೆ ಕೇಳಿದಾಗ ಉತ್ತರ ಕೊಡುವ ಪ್ರೋಗ್ರಾಮೇ ಟೂಲ್. ಅಂಥ ಟೂಲ್‌ಗಳನ್ನು ಇಟ್ಟುಕೊಂಡು, ಯಾರು ಯಾವಾಗ ಕೇಳುತ್ತಾರೋ ಅಂತ ಕಾದು ಕೂತಿರುವುದು ಟೂಲ್ ಸರ್ವರ್. ನನ್ನದಕ್ಕೆ 'ನಂಟು' ಅಂತ ಹೆಸರಿಟ್ಟೆ. ಅದರೊಳಗೆ ಎರಡೇ ಟೂಲು. ಒಂದು, ಹೊಸ ನೆಂಟರನ್ನು ಸೇರಿಸುವುದಕ್ಕೆ. ಇನ್ನೊಂದು, ಇಬ್ಬರ ಹೆಸರು ಕೊಟ್ಟರೆ ಇವರಿಗೆ ಅವರು ಏನಾಗಬೇಕು ಅಂತ ಹೇಳುವುದಕ್ಕೆ. ಈ ಲೆಕ್ಕಕ್ಕೆ ನಮ್ಮ ಕಡೆ 'ವರಸೆ' ಅನ್ನುತ್ತಾರೆ.

ಟೂಲ್ ಬರೆಯುವುದು ಸುಲಭ. ಅದು ಏನು ಮಾಡುತ್ತದೆ ಅಂತ ಏಜೆಂಟಿಗೆ ತಿಳಿಯುವ ಹಾಗೆ ವಿವರಣೆ ಬರೆಯಬೇಕಲ್ಲ, ಅದು ಕಷ್ಟ. ನಾನು ಮೊದಲು ಬರೆದಿದ್ದು, 'ಎರಡರ ನಡುವಿನ ಸಂಬಂಧ ಹೇಳುತ್ತದೆ' ಅಂತ. ಮಾರನೇ ದಿನ ನನ್ನ ಗಂಡ ಫೋನಿಗೆ, ಕರೆಂಟ್ ಬಿಲ್ಲಿಗೂ ಫ್ರಿಜ್ಜಿಗೂ ಏನು ಸಂಬಂಧ ಅಂತ ಕೇಳಿದ್ದಾರೆ. ಏಜೆಂಟು ನೆಟ್ಟಗೆ ನನ್ನ ಸರ್ವರಿಗೆ ಬಂದು ವಿಚಾರಿಸಿ, 'ಫ್ರಿಜ್ ಎಂಬ ಹೆಸರಿನ ನೆಂಟರು ನಿಮ್ಮ ಮನೆತನದಲ್ಲಿ ಇಲ್ಲ' ಅಂತ ಉತ್ತರ ಕೊಟ್ಟಿದೆ. ಅವರು ನಗುತ್ತಲೇ ಶಿಫ್ಟಿಗೆ ಹೋದರು. ನಾನು ವಿವರಣೆ ತಿದ್ದಿದೆ.

ಇನ್ನು ಸರ್ವರ್ ಇಡುವುದೆಲ್ಲಿ? ಮನೆಯ ಹಳೇ ಲ್ಯಾಪ್‌ಟಾಪಿನಲ್ಲಿ ಇಡಬಹುದು. ಆದರೆ ಮನೆ ಇಂಟರ್ನೆಟ್ಟಿಗೆ ಕಾಯಂ ವಿಳಾಸ ಇರುವುದಿಲ್ಲ, ಅದು ಆಗಾಗ ಬದಲಾಗುತ್ತದೆ, ಹೊರಗಿನವರು ಬಾಗಿಲು ತಟ್ಟಲು ಬರುವುದಿಲ್ಲ. ಇಡೀ ವಂಶದ ಹೆಸರುಗಳನ್ನು ಒಯ್ದು ಯಾವುದೋ ಕಂಪನಿಯ ಕಂಪ್ಯೂಟರಿನಲ್ಲಿ ಇಡಲು ನನಗೆ ಮನಸ್ಸಿರಲಿಲ್ಲ. ಆಗ ಕಣ್ಣಿಗೆ ಬಿದ್ದಿದ್ದು ರಿಲೇ ಜಾಲ. ಅಲ್ಲಿ ಸರ್ವರಿಗೆ ವಿಳಾಸ ಬೇಡ, ಒಂದು ಗುರುತಿನ ಕೀಲಿ (ಅಕ್ಷರ, ಅಂಕೆಗಳ ಒಂದು ಉದ್ದನೆಯ ಸಾಲು) ಇದ್ದರೆ ಸಾಕು. ಕೇಳುವವರು ಆ ಕೀಲಿಯ ಹೆಸರಿಗೆ ಸಂದೇಶ ಬರೆದು, ಬೀಗ ಹಾಕಿ, ರಿಲೇಗಳ ಕೈಗೆ ಕೊಡುತ್ತಾರೆ. ರಿಲೇ ಅಂದರೆ ಬಂದಿದ್ದನ್ನು ಮುಂದಕ್ಕೆ ದಾಟಿಸುವ ಕಂಪ್ಯೂಟರ್, ಅಷ್ಟೇ. ಅಂಥವು ಎಲ್ಲೆಲ್ಲೋ ಇವೆ. ಒಂದು ಕೆಟ್ಟರೆ ಇನ್ನೊಂದು ದಾಟಿಸುತ್ತದೆ. ನನ್ನ ಲ್ಯಾಪ್‌ಟಾಪು ಅವುಗಳ ಕಡೆ ಕಿವಿ ಕೊಟ್ಟು ಕೂತಿರುತ್ತದೆ, ತನ್ನ ಹೆಸರಿಗೆ ಬಂದಿದ್ದನ್ನು ಎತ್ತಿಕೊಂಡು, ಉತ್ತರವನ್ನು ಅದೇ ದಾರಿಯಲ್ಲಿ ವಾಪಸ್ ಕಳಿಸುತ್ತದೆ.

ಇದನ್ನು ನನ್ನ ಗಂಡನಿಗೆ ಅರ್ಥ ಮಾಡಿಸಲು ಚಿತ್ರ ಬರೆಯುತ್ತಿದ್ದೆ. ಪಕ್ಕದಲ್ಲಿ ಸೊಪ್ಪು ಬಿಡಿಸುತ್ತಿದ್ದ ಅತ್ತೆ, ಇದೇನು ಹೊಸದಾ ಅಂದರು. ಅವರ ತವರು ಅಂಚೆಟ್ಟಿ ಕಡೆಯ ಬೆಟ್ಟದ ಹಳ್ಳಿ. ಸುದ್ದಿ ಕಳಿಸಬೇಕಾದರೆ ಹೊಸೂರಿನಲ್ಲಿ ಬಸ್ಸಿನ ಕಂಡಕ್ಟರ್ ಕೈಗೆ ಚೀಟಿ ಕೊಡುತ್ತಿದ್ದರಂತೆ. ಅವನು ಅಂಚೆಟ್ಟಿಯ ಟೀ ಅಂಗಡಿಗೆ, ಟೀ ಅಂಗಡಿಯವನು ಬೆಟ್ಟ ಹತ್ತುವ ಯಾರಿಗೋ. ಇಂಥವರಿಗೆ ಅಂತ ಹೆಸರು ಹೇಳಿದರೆ ಸಾಕಿತ್ತು. ದಾರಿಯಲ್ಲಿ ಯಾರೂ ಚೀಟಿ ಬಿಚ್ಚಿ ಓದುತ್ತಿರಲಿಲ್ಲವೇ ಅಂತ ಕೇಳಿದೆ.

"ಕಂಡಕ್ಟ್ರು ಯಾಕಮ್ಮ ಓದ್ತಾನೆ? ನೆಂಟ್ರ ಕೈಗೆ ಕೊಟ್ರೆ ಓದೋರು," ಅಂದರು ಅತ್ತೆ.

ನನ್ನ ಗಂಡನಿಗೆ ಆಗ ಅರ್ಥವಾಯಿತು.

ಇಷ್ಟಾದ ಮೇಲೆ ನೆಂಟರ ಹೆಸರು ತುಂಬುವ ಕೆಲಸ. ಇದಕ್ಕೆ ಸಿಕ್ಕವಳು ಶಿಲ್ಪಾ. ನನ್ನ ಗಂಡನ ಅಣ್ಣ ಕೃಷ್ಣಪ್ಪ ಭಾವನ ಮಗಳು. ಭಾವನವರದು ಊರಲ್ಲಿ ಗುಲಾಬಿ ತೋಟ. ಶಿಲ್ಪಾ ಮಾತ್ರ ದಿನಾ ಸ್ಕೂಟಿಯಲ್ಲಿ ಹೊಸೂರಿಗೆ ಬಂದು, ಮೋಟಾರು ಬಿಡಿಭಾಗ ಮಾಡುವ ಒಂದು ಕಂಪನಿಯಲ್ಲಿ ಇನ್‌ಸ್ಪೆಕ್ಷನ್ ಕೆಲಸ ಮಾಡುತ್ತಾಳೆ. ಭಾನುವಾರ ನಮ್ಮನೆಗೆ ಬಂದು ಸೋಫಾದ ಮೇಲೆ ಕಾಲು ಮಡಿಸಿ ಕೂತು, ಒಬ್ಬೊಬ್ಬರಿಗೇ ಫೋನ್ ಮಾಡಿ, ಅಜ್ಜಿ ನಿಮ್ಮವ್ವನ ಹೆಸರೇನು, ಅವರ ಊರು ಯಾವುದು, ಅಣ್ಣತಮ್ಮಂದಿರು ಯಾರು ಅಂತ ಕೇಳಿ ತುಂಬುತ್ತಿದ್ದಳು. ತನ್ನ ತಾಯಿ ಸಾವಿತ್ರಕ್ಕನ ತವರಿನವರನ್ನೆಲ್ಲ ಒಂದೇ ಮಧ್ಯಾಹ್ನದಲ್ಲಿ ಮುಗಿಸಿದಳು. ಅಂಚೆಟ್ಟಿ ಕಡೆಯವರನ್ನಂತೂ ಕೇಳಲೇಬೇಡಿ. ನಾನು ಹೆಸರೇ ಕೇಳಿರದ ಮನೆಗಳನ್ನೂ ಹುಡುಕಿ ಸೇರಿಸಿದಳು. ಎಂಥ ಶ್ರದ್ಧೆ ಅಂತ ನಾನು ಮೆಚ್ಚಿಕೊಂಡೆ. ಮೆಚ್ಚಿಕೊಳ್ಳುವ ಬದಲು ಯಾಕೆ ಅಂತ ಕೇಳಬೇಕಿತ್ತು.

ಒಂದು ಭಾನುವಾರ ಅವರೆಕಾಯಿ ಸುಲಿಯುತ್ತಾ ಅವಳೇ ಹೇಳಿದಳು. ಕಂಪನಿಯಲ್ಲಿ ಪಕ್ಕದ ಲೈನಿನಲ್ಲಿ ಲೋಕೇಶ ಅಂತ ಒಬ್ಬ. ಊರು ಅಂಚೆಟ್ಟಿ ಹತ್ತಿರ. ಬಸ್ಸು ಸಾಲದು ಅಂತ ಮತ್ತಿಗಿರಿಯಲ್ಲೇ ರೂಮ್ ಮಾಡಿಕೊಂಡಿದ್ದಾನೆ. ನಮ್ಮ ಜನವೇ. ಮನೆಯವರೂ ಒಳ್ಳೆಯವರು. ಇಬ್ಬರೂ ತಮ್ಮ ತಮ್ಮ ಮನೆಯಲ್ಲಿ ಹೇಳಿಯಾಗಿದೆ, ಮುಂದಿನ ವಾರ ಅವರು ಹೆಣ್ಣು ನೋಡಲು ಬರುತ್ತಾರೆ.

ಸರ್ವರ್ ಹತ್ತಿರ ಕೇಳಿದೆಯಾ, ವರಸೆ ಆಗುತ್ತದಾ, ಅಂದರೆ ಮದುವೆಗೆ ಒಪ್ಪುವ ಸಂಬಂಧವೇ ಅಂತ ನಾನು ವಿಚಾರಿಸಿದೆ. ಕೇಳಿರಲಿಲ್ಲ. ಹೆಸರುಗಳನ್ನೆಲ್ಲ ತುಂಬಿದ್ದಳು, ಆ ಒಂದು ಪ್ರಶ್ನೆ ಕೇಳಲು ಮಾತ್ರ ಧೈರ್ಯ ಬಂದಿರಲಿಲ್ಲ. ಅವರೆಕಾಯಿ ಮುಗಿದಿತ್ತು, ಸುಮ್ಮನೆ ಸಿಪ್ಪೆಗಳನ್ನೇ ಇನ್ನೊಮ್ಮೆ ಬಿಡಿಸುತ್ತಿದ್ದಳು.

ಹುಡುಗನ ಕಡೆಯವರು ಬಂದರು. ನಾವೂ ಊರಿಗೆ ಹೋಗಿದ್ದೆವು. ಹುಡುಗ ಲಕ್ಷಣವಾಗಿದ್ದ, ಮಾತು ಕಡಿಮೆ, ನಗು ಜಾಸ್ತಿ. ಅವನ ತಂದೆ ಮುನಿರಾಜು, ತಾಯಿ ಗೌರಮ್ಮ. ಕಾಫಿ ಆಯಿತು. ಅತ್ತೆ ವಾಡಿಕೆಯಂತೆ, ಯಾರ ಮಗನಪ್ಪಾ, ಯಾರ ಮೊಮ್ಮಗ ಅಂತ ಶುರು ಮಾಡಿದರು. ಮುನಿತಾಯಮ್ಮನ ಮೊಮ್ಮಗ ಅಂತ ಉತ್ತರ ಬಂತು. ಯಾವ ಮುನಿತಾಯಮ್ಮ? ಇಂಥ ಊರಿನ, ಇಂಥವರ ಮಗಳು. ಅತ್ತೆಯ ಮುಖ ಅರಳಿತು. ಮುನಿತಾಯಮ್ಮ ಅಂದರೆ ಅವರ ಸ್ವಂತ ದೊಡ್ಡವ್ವನ ಮಗಳು. ತವರಿನ ಅಕ್ಕ. ಎಷ್ಟು ವರ್ಷವಾಗಿತ್ತೋ ಸುದ್ದಿ ಕೇಳಿ.

ಅರಳಿದ ಮುಖ ಹಾಗೇ ಬಾಡಿತು.

ನಿಮಗೂ ಹೊಳೆದಿರಬೇಕು. ಅತ್ತೆಗೂ ಮುನಿತಾಯಮ್ಮನಿಗೂ ಅಕ್ಕತಂಗಿಯ ವರಸೆ. ಹಾಗಾದರೆ ಅವರ ಮಕ್ಕಳಾದ ಕೃಷ್ಣಪ್ಪ ಭಾವ, ಮುನಿರಾಜು ಅಣ್ಣತಮ್ಮಂದಿರು. ಅವರ ಮಕ್ಕಳು ಶಿಲ್ಪಾ, ಲೋಕೇಶ? ಅಣ್ಣತಂಗಿ. (ರಕ್ತದ ಲೆಕ್ಕದಲ್ಲಿ ಯಾವ ಡಾಕ್ಟರೂ ತಲೆ ಕೆಡಿಸಿಕೊಳ್ಳದಷ್ಟು ದೂರ. ಆದರೆ ವರಸೆ ಡಾಕ್ಟರ ಮಾತು ಕೇಳುವುದಿಲ್ಲ.)

ಜಗಳವಾಗಲಿಲ್ಲ. ಜಗಳವಾಗಿದ್ದರೇ ಚೆನ್ನಾಗಿತ್ತೇನೋ. ಕಳೆದುಹೋಗಿದ್ದ ನೆಂಟರು ಸಿಕ್ಕರಲ್ಲ ಅಂತ ಉಪಚಾರ ಇನ್ನೂ ಜಾಸ್ತಿಯಾಯಿತು. ಕೋಳಿ ಕೊಯ್ದರು. ಸಾವಿತ್ರಕ್ಕ ಗೌರಮ್ಮನನ್ನು ಒಳಗೆ ಕರೆದು ಅರಿಶಿನ ಕುಂಕುಮ ಕೊಟ್ಟು, ನಾವಿಬ್ರೂ ಓರಗಿತ್ತೀರಾದೋ ಅಂದರು. ಕೃಷ್ಣಪ್ಪ ಭಾವ ಮುನಿರಾಜು ಹೆಗಲ ಮೇಲೆ ಕೈಹಾಕಿ ತಮ್ಮ ಅಂದರು. ಹೆಣ್ಣು ನೋಡಲು ಬಂದ ಹುಡುಗ ಅಣ್ಣನಾಗಿ, ಎಲೆಅಡಿಕೆ ಇಸಿದುಕೊಂಡು ವ್ಯಾನ್ ಹತ್ತಿದ. ಶಿಲ್ಪಾ ಹಿತ್ತಲಲ್ಲಿ ಪಾತ್ರೆ ತೊಳೆಯುತ್ತಿದ್ದಳು, ಆಗಲೇ ತೊಳೆದಿಟ್ಟಿದ್ದ ಪಾತ್ರೆಗಳನ್ನು.

ಮನೆಗೆ ಬಂದು, ಮನಸ್ಸು ತಡೆಯದೆ ನಾನೇ ಸರ್ವರ್ ಹತ್ತಿರ ಕೇಳಿದೆ. ಶಿಲ್ಪಾಗೆ ಲೋಕೇಶ ಏನಾಗಬೇಕು? ಉತ್ತರ ಬಂತು: ಅಣ್ಣ. ಗಾಯದ ಮೇಲೆ ಬರೆ. ನಾನು ಕೂಡಿಸಿ ಕಟ್ಟಿದ ಯಂತ್ರವೂ ಅದನ್ನೇ ಹೇಳಬೇಕೇ? ಲ್ಯಾಪ್‌ಟಾಪ್ ಮುಚ್ಚಿಬಿಟ್ಟೆ.

ಅದನ್ನು ತೆರೆಸಿದ್ದು ನನ್ನ ಗಂಡ. ಅವರಿಗೊಂದು ತಕರಾರಿತ್ತು. ಪಿಳ್ಳಪ್ಪ ಅಂತ ಅವರ ಕಾರ್ಖಾನೆಯಲ್ಲೇ ಕೆಲಸ ಮಾಡುವ ನೆಂಟರು. ಅವರನ್ನು ಇವರು ಚಿಕ್ಕಂದಿನಿಂದ ಮಾವ ಅಂತ ಕರೆದವರು. ಸರ್ವರು ಅಣ್ಣ ಅನ್ನುತ್ತಿತ್ತು. ಸರ್ವರ್ ತಪ್ಪಾ, ನಾನು ತಪ್ಪಾ ಅಂತ ಕೇಳಿದರು. ಕೋಡು ತೆರೆದು ನೋಡಿದೆ. ಇಬ್ಬರೂ ತಪ್ಪಲ್ಲ. ಪಿಳ್ಳಪ್ಪನವರು ಒಂದು ಕಡೆಯಿಂದ ಅಣ್ಣ, ಇನ್ನೊಂದು ಕಡೆಯಿಂದ ಮಾವ. ನಾನು ಬರೆದ ಪ್ರೋಗ್ರಾಮು ಇಬ್ಬರ ನಡುವೆ ಒಂದು ದಾರಿ ಸಿಕ್ಕಿದ ಕೂಡಲೇ ಹುಡುಕುವುದನ್ನು ನಿಲ್ಲಿಸಿಬಿಡುತ್ತಿತ್ತು. ಎರಡನೇ ದಾರಿಯ ಕಡೆ ತಿರುಗಿಯೂ ನೋಡುತ್ತಿರಲಿಲ್ಲ.

ಈ ಹಳ್ಳಿಗಳಲ್ಲಿ ಇಬ್ಬರ ನಡುವೆ ಒಂದೇ ದಾರಿ ಇರುವುದುಂಟೇ?

ತಿದ್ದಿದೆ. ಎಷ್ಟು ದಾರಿ ಇದ್ದರೂ ಎಲ್ಲವನ್ನೂ ಹೇಳಬೇಕು, ಯಾವುದು ಹತ್ತಿರ, ಯಾವುದು ದೂರ ಅಂತಲೂ ಹೇಳಬೇಕು. ಆಮೇಲೆ ಟೂಲಿನ ವಿವರಣೆಯಲ್ಲಿ ಇನ್ನೊಂದು ಸಾಲು ಸೇರಿಸಿದೆ. ಎರಡು ದಾರಿ ಇದ್ದಾಗ ಯಾವುದನ್ನು ಹಿಡಿಯಬೇಕೆಂದು ಏಜೆಂಟ್ ತೀರ್ಮಾನ ಮಾಡಕೂಡದು, ಅದು ಮನೆಯವರಿಗೆ ಬಿಟ್ಟಿದ್ದು. (ಭಯ. ನಾಳೆ ಯಾರಾದರೂ ನಿಮ್ಮ ಕಂಪ್ಯೂಟರ್ ಹೇಳಿತು ಅಂತ ಬಂದು ಕೂತರೆ?) ಪಿಳ್ಳಪ್ಪನವರನ್ನು ಕೇಳಿ ನೋಡಿದೆ, ಸರಿಯಾಗಿ ಬಂತು. ಅಷ್ಟಕ್ಕೇ ಸುಮ್ಮನಾದೆ. ಶಿಲ್ಪಾಳ ವಿಷಯ ಇನ್ನೊಮ್ಮೆ ಕೇಳಬೇಕು ಅಂತ ತೋಚಲೇ ಇಲ್ಲ. ಟೆಸ್ಟಿಂಗ್ ಬಗ್ಗೆ ಆಫೀಸಿನಲ್ಲಿ ಭಾಷಣ ಮಾಡುವವಳು ನಾನು!

ಮುಂದಿನ ಭಾನುವಾರ ಕೃಷ್ಣಪ್ಪ ಭಾವ, ಸಾವಿತ್ರಕ್ಕ, ಶಿಲ್ಪಾ ನಮ್ಮನೆಗೆ ಊಟಕ್ಕೆ ಬಂದರು. ಮಟನ್ ಸಾರು, ಮುದ್ದೆ. ಭಾವ ಚೆನ್ನಾಗಿ ಉಂಡರು. ಶಿಲ್ಪಾ ಮುದ್ದೆಯ ಸುತ್ತ ಸಾರು ತಿರುಗಿಸುತ್ತಾ ಕೂತಿದ್ದಳು. ಭಾವ ಅದನ್ನು ನೋಡಿಯೂ ನೋಡದ ಹಾಗಿದ್ದರು. ಒರಟು ಮನುಷ್ಯ ಅಲ್ಲ ಅವರು. ಮಗಳ ಮೌನ ಅವರಿಗೂ ತಾಗಿತ್ತು, ಏನು ಮಾಡಬೇಕು ಅಂತ ತಿಳಿದಿರಲಿಲ್ಲ ಅಷ್ಟೇ.

ಊಟವಾದ ಮೇಲೆ ಹಾಲಿನಲ್ಲಿ ಕೂತು ಭಾವ, ಅದೇನೋ ನೆಂಟರ ಮಿಷನ್ನು ಮಾಡಿದ್ದೀಯಂತಲ್ಲಮ್ಮ, ತೋರಿಸು ಅಂದರು. ಅವರ ಫೋನಿನಲ್ಲೇ ಆ್ಯಪ್ ಹಾಕಿ, ಅವರಿಗೂ ಒಂದು ಕೀಲಿ ಮಾಡಿ ಕೊಟ್ಟೆ. ಭಾವ ಫೋನನ್ನು ಬಾಯಿಗೆ ಹತ್ತಿರ ಹಿಡಿದರು. ಒಮ್ಮೆ ಮಗಳ ಕಡೆ ನೋಡಿದರು. ಅಣ್ಣ ಅಂತ ಯಂತ್ರದ ಬಾಯಲ್ಲೂ ಬಂದುಬಿಟ್ಟರೆ ಅವಳಿಗೂ ಒಂದು ಸಮಾಧಾನ, ತನಗೂ ಒಂದು ಬಿಡುಗಡೆ ಅಂತ ಇದ್ದಿರಬೇಕು.

"ನಮ್ ಸಿಲ್ಪಂಗೆ ಅಂಚೆಟ್ಟಿ ಮುನಿರಾಜು ಮಗ ಲೋಕೇಸ ಏನಾಗ್ಬೇಕು, ಹೇಳು."

ಶಿಲ್ಪಾ ಎದ್ದು ಹೋಗಲು ನೋಡಿದಳು, ಅತ್ತೆ ಕೈಹಿಡಿದು ಕೂರಿಸಿಕೊಂಡರು.

ಫೋನು ಯೋಚಿಸಿತು. ಭಾವ ಕೂತಿದ್ದು ಹಾಲಿನಲ್ಲಿ. ಲ್ಯಾಪ್‌ಟಾಪ್ ಇದ್ದಿದ್ದು ಪಕ್ಕದ ರೂಮಿನಲ್ಲಿ, ಗೋಡೆಯ ಆ ಕಡೆ. ಆದರೂ ಪ್ರಶ್ನೆ ಬೀಗ ಹಾಕಿಕೊಂಡು ಯಾವ ಯಾವ ದೇಶದ ರಿಲೇಗಳನ್ನು ಸುತ್ತಿ ಆ ರೂಮಿಗೆ ಬಂತೋ, ಉತ್ತರ ಮತ್ತೆ ಸಮುದ್ರ ದಾಟಿ ಈ ಹಾಲಿಗೆ ಬರಬೇಕು.

ಉತ್ತರ ಬಂತು. ಪುಸ್ತಕದ ಕನ್ನಡದಲ್ಲಿ, ನಿಧಾನವಾಗಿ. "ಎರಡು ದಾರಿಗಳಿವೆ. ತಂದೆಯ ಕಡೆಯಿಂದ ಲೋಕೇಶ ಶಿಲ್ಪಾಗೆ ಅಣ್ಣನಾಗಬೇಕು. ತಾಯಿಯ ಕಡೆಯಿಂದ ಅತ್ತೆಯ ಮಗನಾಗಬೇಕು."

ಭಾವ ಫೋನನ್ನು ಮುಖದಿಂದ ದೂರ ಹಿಡಿದು, ಅದು ಕಚ್ಚೀತೇನೋ ಅನ್ನುವ ಹಾಗೆ ನೋಡಿದರು. ತಾಯಿ ಕಡೆಯಿಂದ ಹೇಗೆ ಅಂತ ಕೇಳಿದರು. ಅದು ವಿವರಿಸಿತು. ಲೋಕೇಶನ ತಾಯಿ ಗೌರಮ್ಮ. ಗೌರಮ್ಮನ ತಾಯಿ ಕಮಲಮ್ಮ, ಡೆಂಕಣಿಕೋಟೆ ಹತ್ತಿರದ ಹಳ್ಳಿಯವರು, ದೊಡ್ಡಮುನಿಯಪ್ಪನ ಮಗಳು. ಅದೇ ಹಳ್ಳಿಯ ಚಿಕ್ಕಮುನಿಯಪ್ಪ ಆ ದೊಡ್ಡಮುನಿಯಪ್ಪನ ತಮ್ಮ. ಚಿಕ್ಕಮುನಿಯಪ್ಪನ ಮೊಮ್ಮಗಳು ಸಾವಿತ್ರಿ. ಅಂದರೆ ಸಾವಿತ್ರಿಯ ತಂದೆಗೆ ಕಮಲಮ್ಮ ದೊಡ್ಡಪ್ಪನ ಮಗಳು, ತಂಗಿ. ಹಾಗಾಗಿ ಕಮಲಮ್ಮನ ಮಗಳು ಗೌರಮ್ಮ ಶಿಲ್ಪಾಗೆ ಅತ್ತೆಯ ವರಸೆ.

ಕಮಲಮ್ಮ ಎಂಬ ಹೆಸರು ಕಿವಿಗೆ ಬೀಳುತ್ತಲೇ ಸಾವಿತ್ರಕ್ಕ ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತಿದ್ದರು. ಕೈ ಇನ್ನೂ ಒದ್ದೆ. ಕಮಲತ್ತೆ ಅಂತ ಒಬ್ಬರಿದ್ದರು ಅಂತ ಅವರಪ್ಪ ಹೇಳುತ್ತಿದ್ದರಂತೆ. ಬೆಟ್ಟದ ಕಡೆಗೆ ಕೊಟ್ಟಿದ್ದರು. ಹೆರಿಗೆಯಾಗಿ ಸ್ವಲ್ಪ ದಿನಕ್ಕೇ ತೀರಿಕೊಂಡರು. ಆಮೇಲೆ ಆ ಮನೆಯಲ್ಲಿ ಇನ್ನೊಂದು ಮದುವೆಯಾಯಿತು, ಹೋಗಿಬರುವುದು ನಿಂತಿತು. ಮಗು ಉಳಿಯಿತೋ ಇಲ್ಲವೋ ಅಂತಲೂ ಇವರಿಗೆ ತಿಳಿದಿರಲಿಲ್ಲ.

ಆ ಮಗು ಉಳಿದಿತ್ತು. ಹಿಂದಿನ ವಾರ ಇವರ ಮನೆಯಲ್ಲೇ ಕೂತು ಕೋಳಿಸಾರು ಉಂಡು ಹೋಗಿತ್ತು.

ಹೆಸರೊಂದೇ ಇದ್ದು ಬೇರೆ ಬೇರೆ ಜನ ಇರಬಹುದು, ನನ್ನ ಪ್ರೋಗ್ರಾಮು ಊರು, ಹೆಸರು, ತಂದೆ ಒಂದೇ ಇದ್ದರೆ ಒಬ್ಬರೇ ಅಂದುಕೊಂಡುಬಿಡುತ್ತದೆ, ಕೇಳಿ ನೋಡೋಣ ಅಂದೆ. ಶಿಲ್ಪಾ ಗೌರಮ್ಮನಿಗೆ ಫೋನ್ ಮಾಡಿ ತನ್ನ ತಾಯಿಯ ಕೈಗೆ ಕೊಟ್ಟಳು. ಸಾವಿತ್ರಕ್ಕ ಕೇಳಿದ್ದು ಎರಡೇ ಮಾತು. ನಿಮ್ಮವ್ವನ ತವರು ಯಾವುದು? ನಿಮ್ಮ ತಾತನಿಗೆ ಒಬ್ಬ ತಮ್ಮ ಇದ್ದರಾ? ಆ ಕಡೆಯಿಂದ ಏನು ಬಂತೋ, ಸಾವಿತ್ರಕ್ಕ ಬಾಗಿಲಿಗೆ ಒರಗಿದರು. ಅವ್ವನ ಕಡೆಯ ಒಂದು ಮುಖವನ್ನೂ ನೋಡದೆ ಬೆಳೆದ ಹೆಂಗಸು ಗೌರಮ್ಮ. ನಮ್ಮವ್ವ ಹೇಗಿದ್ದಳಂತೆ ಅಂತ ಕೇಳಿದರಂತೆ. ನಮ್ಮಪ್ಪ ಹೇಳೋನು, ತುಂಬಾ ನಗೋಳಂತೆ ಅಂದರು ಸಾವಿತ್ರಕ್ಕ. ಆಮೇಲೆ ಇಬ್ಬರೂ ಫೋನಿನಲ್ಲೇ ಅತ್ತರು, ಫೋನಿನಲ್ಲೇ ನಕ್ಕರು. ಇಡುವಾಗ ಸಾವಿತ್ರಕ್ಕ, ಬತ್ತೀನಿ ಅತ್ತಿಗೆ ಅಂದರು. ಹಿಂದಿನ ವಾರದ ಓರಗಿತ್ತಿ ಈ ವಾರ ಅತ್ತಿಗೆ.

ಮದುವೆಯ ಮಾತನ್ನು ಯಾರೂ ಎತ್ತಲಿಲ್ಲ. ಎಲ್ಲರ ತಲೆಯಲ್ಲೂ ಅದೇ ಇತ್ತು.

ಕೃಷ್ಣಪ್ಪ ಭಾವ ಬಿಡಲಿಲ್ಲ, ಫೋನನ್ನೇ ಕೇಳಿದರು. ಎರಡರಲ್ಲಿ ಯಾವುದು ಸರಿ? ಎರಡೂ ಒಂದೇ ದೂರದಲ್ಲಿವೆ, ಯಾವುದನ್ನು ಹಿಡಿಯಬೇಕೆಂಬುದು ಮನೆಯವರಿಗೆ ಬಿಟ್ಟಿದ್ದು ಅಂದಿತು ಅದು. ನಾನು ಭಯದಿಂದ ಬರೆದ ಸಾಲು. ಅಷ್ಟು ಗಂಭೀರವಾಗಿ ಕೇಳಿಸೀತು ಅಂತ ನಾನು ಅಂದುಕೊಂಡಿರಲಿಲ್ಲ.

ಭಾವ ಅತ್ತೆಯ ಕಡೆ ತಿರುಗಿದರು. ಅತ್ತೆ ಎಲೆಅಡಿಕೆ ಕುಟ್ಟುತ್ತಿದ್ದರು. ಆತುರವಿಲ್ಲ. ಕುಟ್ಟಿ, ಬಾಯಿಗೆ ಹಾಕಿಕೊಂಡು, ಶಿಲ್ಪಾಳ ಬೆನ್ನು ಸವರಿದರು.

"ನನ್ ಕಡೀಂದ ನೋಡುದ್ರೆ ಆಗಾಕಿಲ್ಲ. ನಿನ್ ಹೆಂಡ್ತಿ ಕಡೀಂದ ನೋಡುದ್ರೆ ಆಯ್ತದೆ. ಎರ್ಡೂ ಸಮ ಐತೆ ಅಂದ್ಮೇಲೆ, ಮಗಾ ಯಾವ್ ಕಡೆ ನಗ್ತದೋ ಆ ಕಡೀಂದ ನೋಡು ಕಣ್ಲಾ."

ಭಾವ ಎದ್ದು ಹೊರಗೆ ಹೋದರು. ಕಿಟಕಿಯಿಂದ ಕಾಣುತ್ತಿತ್ತು. ಬೈಕಿನ ಹತ್ತಿರ ನಿಂತರು, ಕನ್ನಡಿ ಸರಿಮಾಡಿದರು, ಸೀಟು ಒರೆಸಿದರು, ಸರಿಯಾಗಿದ್ದ ಕನ್ನಡಿಯನ್ನು ಇನ್ನೊಮ್ಮೆ ತಿರುಗಿಸಿದರು. ವರಸೆ ಆಗುವುದಿಲ್ಲ ಅಂತ ಆಗಿಹೋಗಿದೆ. ತಮ್ಮ ಅಂತ ಹೆಗಲ ಮೇಲೆ ಕೈಹಾಕಿ ಕಳಿಸಿಯಾಗಿದೆ. ಊರಲ್ಲಿ ಏನಂದಾರು? ಅವರ ಜಾಗದಲ್ಲಿ ನಿಂತು ನೋಡಿದರೆ ಅದೇನು ಸಣ್ಣ ಮಾತೇ?

ಒಳಗೆ ಬಂದವರು ಕೂರಲಿಲ್ಲ. ನಿಂತಲ್ಲಿಂದಲೇ ಮಗಳನ್ನು ಕೇಳಿದರು.

"ಅಣ್ಣನಾ, ಅತ್ತೆ ಮಗನಾ? ನೀನೇ ಹೇಳ್ಬುಡವ್ವ."

ಶಿಲ್ಪಾ ತಲೆ ಎತ್ತಲಿಲ್ಲ. "ಅತ್ತೆ ಮಗ," ಅಂದಳು. ಅಷ್ಟು ಮೆಲ್ಲಗೆ ಹೇಳಿದರೂ ಬೀದಿಗೆ ಕೇಳಿಸಿರಬೇಕು, ಯಾಕೆಂದರೆ ನನ್ನ ಗಂಡ ಶಿಳ್ಳೆ ಹೊಡೆದುಬಿಟ್ಟರು. ಐವತ್ತು ದಾಟಿದ ಮನುಷ್ಯ. ಭಾವ ಬಗ್ಗಿ ಮಗಳ ತಲೆ ಮುಟ್ಟಿ, ಇನ್ನೊಂದು ಮುದ್ದೆ ಉಣ್ಣೋಗು ಅಂದರು. ಅವಳು ಹೋಗಿ ಉಂಡಳು.

ಮೊನ್ನೆ ನಿಶ್ಚಿತಾರ್ಥವಾಯಿತು. ಅಂಚೆಟ್ಟಿಯಿಂದ ಎರಡು ವ್ಯಾನ್ ತುಂಬಾ ಜನ ಬಂದರು. ಮುನಿತಾಯಮ್ಮನವರನ್ನು ಇಬ್ಬರು ಹಿಡಿದು ಇಳಿಸಿದರು. ಅತ್ತೆ ಓಡಿಹೋಗಿ ಅಪ್ಪಿಕೊಂಡರು. ಇಬ್ಬರೂ ಮಂಟಪದ ಕಡೆ ತಿರುಗಿಯೂ ನೋಡದೆ, ಮೂಲೆಯಲ್ಲಿ ಕುರ್ಚಿ ಹಾಕಿಕೊಂಡು ಕೂತವರು ಊಟಕ್ಕೆ ಕರೆದಾಗಲೇ ಎದ್ದಿದ್ದು. ಗೌರಮ್ಮನ ಪಕ್ಕ ಸಾವಿತ್ರಕ್ಕನ ತವರಿನವರು ಸಾಲಾಗಿ ಬಂದು, ನಾನು ನಿನ್ನ ಮಾವ, ನಾನು ನಿನ್ನ ಚಿಕ್ಕವ್ವ ಅಂತ ಹೇಳಿಕೊಂಡರು. ಆಕೆ ಒಬ್ಬೊಬ್ಬರ ಮುಖವನ್ನೂ ಹಿಡಿದು ಹಿಡಿದು ನೋಡಿದರು. ಫೋಟೊದವನು ಮದುಮಕ್ಕಳನ್ನು ಬಿಟ್ಟು ಆ ಕಡೆಯೇ ತಿರುಗಿದ್ದ.

ವರಸೆ ಮಾತ್ರ ಪೂರ್ತಿ ಕಲಸಿಹೋಯಿತು. ಭಾವ ಅಭ್ಯಾಸಬಲದಿಂದ ಮುನಿರಾಜುವನ್ನು ಬಾರ್ಲಾ ತಮ್ಮ ಅಂದು, ನಾಲಗೆ ಕಚ್ಚಿಕೊಂಡು ಬನ್ನಿ ಬೀಗರೇ ಅಂದರು. ಮುನಿರಾಜು ಬಂದೆ ಅಣ್ಣ ಅಂದರು. ಲೋಕೇಶ ನನಗೆ ಮಗನ ವರಸೆಯಿಂದ ಅಳಿಯನ ವರಸೆಗೆ ಬಡ್ತಿ ಪಡೆದ. ಎಲ್ಲರೂ ಕೈಯಲ್ಲಿ ಫೋನ್ ಹಿಡಿದು, ಇವರು ಈಗ ನನಗೇನು, ಅವರು ಈಗ ನನಗೇನು ಅಂತ ಕೇಳುವವರೇ. ನಡುವೆ ಒಂದು ರಿಲೇ ಕೈಕೊಟ್ಟಿತು, ಉಳಿದವು ದಾಟಿಸಿದವು. ಯಾರಿಗೂ ತಿಳಿಯಲೂ ಇಲ್ಲ. ನಾನು ದಪ್ಪ ಮೀಸೆಯವರನ್ನು ಕಂಡು ಧೈರ್ಯವಾಗಿ ಭಾವ ಅಂದೆ. ಇನ್ನೊಂದು ದಾರಿಯಲ್ಲಿ ನಾನು ನಿಂಗೆ ಚಿಕ್ಕಪ್ಪ ಆಗ್ತೀನಂತೆ ಕಣಮ್ಮ, ಈಗ ತಾನೇ ಫೋನ್ ಹೇಳ್ತು ಅಂತ ಅವರು ನಕ್ಕರು.

ಒಂದು ವಿಷಯ ಮಾತ್ರ ನನ್ನ ತಲೆಯಿಂದ ಹೋಗುತ್ತಿಲ್ಲ. ಆ ಪ್ರೋಗ್ರಾಮಿನ ತಪ್ಪು ಪ್ರೋಗ್ರಾಮಿನದಲ್ಲ, ನನ್ನದು. ಇಬ್ಬರ ನಡುವೆ ಒಂದು ದಾರಿ ಸಿಕ್ಕರೆ ಸಾಕು ಅಂತ ನಾನೇ ಬರೆದಿದ್ದೆ. ನಾವು ಜನರ ಬಗ್ಗೆಯೂ ಹಾಗೇ ಅಲ್ಲವೇ? ಇವನು ಇಂಥವರ ಕಡೆಯವನು, ಮುಗಿಯಿತು. ಇವಳು ಆ ಭಾಷೆಯವಳು, ಮುಗಿಯಿತು. ಮೊದಲು ಸಿಕ್ಕ ದಾರಿಯಲ್ಲೇ ನಿಂತು ಬಾಗಿಲು ಹಾಕಿಕೊಳ್ಳುತ್ತೇವೆ. ಹೊಸೂರಿನಲ್ಲಿ ಬಸ್ಸಿಗೆ ಕಾಯುವಾಗ ಪಕ್ಕದಲ್ಲಿ ನಿಂತವರನ್ನು ಸುಮ್ಮನೆ, ನಿಮ್ಮ ತಾಯಿಯ ತವರು ಯಾವುದು ಅಂತ ಕೇಳಿ ನೋಡಿ. ಅರ್ಧ ಗಂಟೆಯೊಳಗೆ ನೀವಿಬ್ಬರೂ ಏನಾದರೂ ಆಗಿರುತ್ತೀರಿ. ಬಸ್ಸು ಬರದಿದ್ದರೆ ಬೀಗರೂ ಆಗಬಹುದು.

ಇದಿಷ್ಟು ಬರೆದು ಮುಗಿಸುವ ಹೊತ್ತಿಗೆ ಕೃಷ್ಣಪ್ಪ ಭಾವನ ಫೋನು. ಗುಲಾಬಿ ತೋಟದಲ್ಲಿ ಕೂತು ದಿನಾ ಸರ್ವರಿಗೆ ಪ್ರಶ್ನೆ ಹಾಕುವ ಅಭ್ಯಾಸವಾಗಿದೆ ಅವರಿಗೆ, ಬಂದ ಪ್ರಶ್ನೆಗಳ ದಾಖಲೆ ನೋಡಿದರೆ ಅರ್ಧಕ್ಕರ್ಧ ಅವರದೇ. ಈಗ ಊರಲ್ಲಿ ಗಂಡು ಹೆಣ್ಣು ಹುಡುಕುವವರೆಲ್ಲ ಅವರ ಹತ್ತಿರ ಬರುತ್ತಿದ್ದಾರಂತೆ. ಒಬ್ಬೊಬ್ಬರದೇ ಕೇಳುವುದು ತಡವಾಗುತ್ತದಂತೆ. ಒಂದು ಹೆಸರು ಹೇಳಿದರೆ ವರಸೆ ಆಗುವವರನ್ನೆಲ್ಲ ಒಟ್ಟಿಗೇ ಹೇಳುವ ಇನ್ನೊಂದು ಟೂಲು ಬೇಕಂತೆ, ಬೇಗ.

ನೀವೇ ಹೇಳಿ, ಬರೆದುಕೊಡಲೋ, ಇಲ್ಲ ಲ್ಯಾಪ್‌ಟಾಪಿನ ವೈರು ಕಿತ್ತಿಡಲೋ?